ಪೈನ್ ಹಲಗೆ ಉದ್ದಕ್ಕೆ ಬಾಗುವುದೇಕೆ? ಕೊಯ್ಯುವ ಮುಂಚೆಯೇ ಪತ್ತೆ ಹಚ್ಚುವ ಬಗೆ

ಒಂದೇ ಮರದಿಂದ ಕೊಯ್ದ ಎರಡು ಪೈನ್ ಹಲಗೆ. ಒಂದೇ ಅಟ್ಟಿಯಲ್ಲಿ, ಒಂದೇ ರೀತಿ ಒಣಗಿದವು. ಒಂದು ನೆಟ್ಟಗೆ ಉಳಿಯಿತು, ಇನ್ನೊಂದು ಬಿಲ್ಲಿನಂತೆ ಬಾಗಿತು. ‘ಒಣಗಿಸಿದ್ದು ಸರಿಯಿಲ್ಲವೇ?’ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಎಷ್ಟೋ ಸಲ ತಪ್ಪು ಒಣಗಿಸಿದವರದ್ದಲ್ಲ. ಮರ ನಿಂತಿದ್ದಾಗಲೇ ಆ ಹಲಗೆಯೊಳಗೆ ಬೇರೆ ಜಾತಿಯದೇನೋ ಎನ್ನಿಸುವಂಥ ಮರ ಬೆಳೆದಿರುತ್ತದೆ. ಅದನ್ನು ಒಣಗಿಸಿ ಸರಿಮಾಡಲು ಆಗುವುದಿಲ್ಲ. ಆದರೆ ಮೊದಲೇ ಗುರುತಿಸಬಹುದು. ಗುರುತಿಸುವುದು ಕಷ್ಟವೂ ಅಲ್ಲ.

ಮೊದಲು ಒಳಗೆ ಏನಾಗಿದೆ ಅಂತ ನೋಡೋಣ. ಇದು ಅರ್ಥವಾದರೆ ಮುಂದಿನ ಹಂತಗಳೆಲ್ಲ ಸಲೀಸು.

ಪೈನ್ ಮರ ಗಾಳಿಗೋ ಇಳಿಜಾರಿನ ಮಣ್ಣಿಗೋ ಹಿಮದ ಭಾರಕ್ಕೋ ವಾಲಿತು ಅಂದುಕೊಳ್ಳಿ. ಅದು ಸುಮ್ನೆ ವಾಲಿಕೊಂಡೇ ಇರುವುದಿಲ್ಲ, ನೆಟ್ಟಗಾಗಲು ನೋಡುತ್ತದೆ. ಅದಕ್ಕಾಗಿ ವಾಲಿದ ಕಡೆಯ ಕೆಳಬದಿಯಲ್ಲಿ ವಿಶೇಷ ಮರವನ್ನು ಬೆಳೆಸಿಕೊಳ್ಳುತ್ತದೆ. ಆ ಮರ ಉದ್ದಕ್ಕೆ ಹಿಗ್ಗಲು ನೋಡುತ್ತಾ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಇದಕ್ಕೆ ಕಂಪ್ರೆಷನ್ ವುಡ್ ಅನ್ನುತ್ತಾರೆ. ನಾನು ಇಲ್ಲಿ ‘ಒತ್ತುಮರ’ ಎಂದು ಕರೆಯುತ್ತೇನೆ. ಪೈನ್, ದೇವದಾರು, ಸ್ಪ್ರೂಸ್‌ನಂಥ ಸೂಜಿ ಎಲೆಯ ಮರಗಳಲ್ಲೆಲ್ಲ ಇದು ಕೆಳಬದಿಯಲ್ಲೇ ಬರುತ್ತದೆ. ಅಗಲ ಎಲೆಯ ಮರಗಳ ದಾರಿ ಬೇರೆ. ಅವು ಮೇಲುಬದಿಯಲ್ಲಿ ಎಳೆಯುವ ಮರವನ್ನು ಬೆಳೆಸುತ್ತವೆ. ಇಲ್ಲಿ ಹೇಳುವ ಗುರುತುಗಳನ್ನು ಅವಕ್ಕೆ ಹಚ್ಚಬೇಡಿ.

ಈಗ ಕುಗ್ಗುವ ವಿಷಯ. ಮರ ಎಂದರೆ ಉದ್ದುದ್ದ ಕೊಳವೆಗಳ ಕಟ್ಟು. ಪ್ರತಿ ಕೊಳವೆಯ ಗೋಡೆಯಲ್ಲೂ ಸೆಲ್ಯುಲೋಸ್‌ನ ಸಣ್ಣ ಸಣ್ಣ ನೂಲುಗಳು ಸುತ್ತಿಕೊಂಡಿರುತ್ತವೆ. ನೀರು ಆರಿದಾಗ ಈ ನೂಲುಗಳ ಉದ್ದ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನೂಲು ನೂಲಿನ ನಡುವಿನ ಸಂದು ಮಾತ್ರ ಕಿರಿದಾಗುತ್ತದೆ. ಬಲಿತ ಮಾಮೂಲಿ ಮರದಲ್ಲಿ ನೂಲುಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತವೆ, ಸ್ವಲ್ಪವೇ ಓರೆ. ಹಾಗಾಗಿ ಕೊಳವೆ ಸಪೂರವಾಗುತ್ತದೆ, ಗಿಡ್ಡವಾಗುವುದಿಲ್ಲ. ಒತ್ತುಮರದಲ್ಲಿ ಇವೇ ನೂಲುಗಳು 45 ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿ ಮಲಗಿರುತ್ತವೆ, ಬುಗುರಿಗೆ ಸುತ್ತಿದ ದಾರದ ಹಾಗೆ. ಸುತ್ತು ಸುತ್ತಿನ ನಡುವಿನ ಸಂದು ಮುಚ್ಚಿಕೊಂಡರೆ ಏನಾಗುತ್ತದೆ? ಇಡೀ ಸುತ್ತೇ ಗಿಡ್ಡವಾಗುತ್ತದೆ. ಅಷ್ಟೇ ಗುಟ್ಟು.

ಅಂಕಿಯಲ್ಲಿ ಹೇಳುವುದಾದರೆ ಹೀಗೆ. ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ಮಾಮೂಲಿ ಪೈನ್ ಉದ್ದಕ್ಕೆ ಶೇ 0.1ರಿಂದ 0.2ರಷ್ಟು ಮಾತ್ರ ಕುಗ್ಗುತ್ತದೆ. ಒತ್ತುಮರ ಶೇ 1 ದಾಟಬಹುದು, ಜೋರಾಗಿದ್ದರೆ ಶೇ 2ರವರೆಗೂ ಹೋಗಬಹುದು. ಅಂದರೆ ಹತ್ತು ಪಟ್ಟು! ಅಡ್ಡಕ್ಕೆ ಮಾತ್ರ ಉಲ್ಟಾ. ಮಾಮೂಲಿ ಪೈನ್ ಉಂಗುರದ (ಕಾಂಡದೊಳಗೆ ವರ್ಷಕ್ಕೊಂದು ಬೆಳೆಯುವ ಸುತ್ತು) ಗುಂಟ ಶೇ 6ರಿಂದ 8ರಷ್ಟು ಕುಗ್ಗಿದರೆ, ಒತ್ತುಮರ ಅದಕ್ಕಿಂತ ಕಡಿಮೆ ಕುಗ್ಗುತ್ತದೆ. ‘ಭಾರದ ಮರ ಜಾಸ್ತಿ ಕುಗ್ಗುತ್ತದೆ’ ಎಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಒತ್ತುಮರ ಭಾರವೇ, ಆದರೆ ಅದು ಕುಗ್ಗುವ ದಿಕ್ಕು ಬೇರೆ.

ಇನ್ನೂ ಒಂದು ವಿಷಯ ಗಮನಿಸಿ. ಹಲಗೆ ಪೂರ್ತಿ ಒತ್ತುಮರವೇ ಆಗಿದ್ದರೆ ಅದು ಬಾಗುವುದಕ್ಕಿಂತ ಸುಮ್ನೆ ಗಿಡ್ಡವಾಗುತ್ತದೆ. ತೊಂದರೆ ಬರುವುದು ಒಂದು ಅಂಚಿನಲ್ಲಿ ಒತ್ತುಮರ, ಇನ್ನೊಂದು ಅಂಚಿನಲ್ಲಿ ಮಾಮೂಲಿ ಮರ ಇದ್ದಾಗ. ಒಂದು ಅಂಚು ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ.

ಬೇಕಾದ ಸಾಮಾನು

ಉಕ್ಕಿನ ಸ್ಕೇಲ್, ಚೆನ್ನಾಗಿ ಹರಿತವಾದ ಚಾಕು ಅಥವಾ ಉಳಿ, ಸಣ್ಣ ಹಲ್ಲಿನ ಗರಗಸ, ದಾರ, ಟಾರ್ಚ್, ಒಂದು ಭೂತಗನ್ನಡಿ. ಪಟ್ಟಿ ಪರೀಕ್ಷೆಗೆ ನೀರು ತುಂಬಿದ ಉದ್ದನೆಯ ತಟ್ಟೆ ಮತ್ತು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ತೇವ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಬಾಗಿದ್ದು ಯಾವ ಬಗೆ ಅಂತ ಮೊದಲು ನೋಡಿ

ಎಲ್ಲ ಸೊಟ್ಟಕ್ಕೂ ಒತ್ತುಮರ ಕಾರಣವಲ್ಲ. ಹಲಗೆಯ ಒಂದು ತುದಿಗೆ ಕಣ್ಣಿಟ್ಟು ಇನ್ನೊಂದು ತುದಿಯತ್ತ ನೋಡಿ.

ಅಗಲಕ್ಕೆ ದೋಣಿಯಂತೆ ಬಗ್ಗಿದ್ದರೆ ಅದು ಉಂಗುರಗಳ ದಿಕ್ಕಿನಿಂದ ಬಂದದ್ದು. ಮಾಮೂಲಿ ಮರದಲ್ಲೂ ಹೀಗಾಗುತ್ತದೆ. ನಾಲ್ಕು ಮೂಲೆಗಳಲ್ಲಿ ಒಂದು ಮೇಲೆದ್ದು ಹಲಗೆ ತಿರುಚಿಕೊಂಡಿದ್ದರೆ, ಎಳೆಗಳು ಕಾಂಡದ ಸುತ್ತ ಸುರುಳಿಯಾಗಿ ಬೆಳೆದಿವೆ ಅಂತ ಅರ್ಥ. ನಮಗೆ ಇಲ್ಲಿ ಬೇಕಾದದ್ದು ಇನ್ನೆರಡು ಬಗೆ. ಹಲಗೆಯ ಮುಖ ಉದ್ದಕ್ಕೆ ಬಿಲ್ಲಿನಂತೆ ಬಾಗುವುದು ಒಂದು. ಹಲಗೆ ಮಟ್ಟವಾಗಿ ಮಲಗಿದ್ದರೂ ಅಂಚು ಕತ್ತಿಯಂತೆ ಪಕ್ಕಕ್ಕೆ ಡೊಂಕಾಗುವುದು ಇನ್ನೊಂದು. ಈ ಎರಡೂ ಉದ್ದಕ್ಕೆ ಆದ ಕುಗ್ಗುವಿಕೆಯ ವ್ಯತ್ಯಾಸದಿಂದ ಬರುತ್ತವೆ. ಅಂಚು ಡೊಂಕಾಗಿದೆಯೇ ಎಂದು ತಿಳಿಯಲು ಎರಡು ತುದಿಗೂ ದಾರ ಬಿಗಿದು ಹಿಡಿಯಿರಿ. ನಡುವಿನಲ್ಲಿ ದಾರಕ್ಕೂ ಅಂಚಿಗೂ ಎಷ್ಟು ಸಂದು ಇದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಹಂತ 2: ಹಲಗೆಯ ತುದಿ ಓದಿ

ಇದೇ ಮುಖ್ಯ ಹಂತ. ಒಂದನ್ನೇ ಮಾಡಲು ಪುರುಸೊತ್ತು ಇದ್ದರೆ ಇದನ್ನು ಮಾಡಿ.

ತುದಿ ಒರಟಾಗಿ, ಕೊಳೆಯಾಗಿ ಇರುತ್ತದೆ. ಹಾಗೇ ನೋಡಿದರೆ ಏನೂ ಕಾಣುವುದಿಲ್ಲ. ತುದಿಯಿಂದ ಒಂದೆರಡು ಸೆಂಟಿಮೀಟರ್ ಗರಗಸದಲ್ಲಿ ತೆಗೆಯಿರಿ. ಆಮೇಲೆ ಹರಿತವಾದ ಉಳಿಯಿಂದ ಬೆರಳಗಲದ ಜಾಗ ನುಣ್ಣಗೆ ಹೆರೆದು, ಒದ್ದೆ ಬಟ್ಟೆಯಿಂದ ಒರೆಸಿ. ಈಗ ಉಂಗುರಗಳು ಎದ್ದು ಕಾಣುತ್ತವೆ.

ಮಾಮೂಲಿ ಪೈನ್‌ನ ಪ್ರತಿ ಉಂಗುರದಲ್ಲೂ ಎರಡು ಪಟ್ಟೆ ಇರುತ್ತವೆ. ಬೆಳೆಯುವ ಕಾಲದ ಮೊದಲಲ್ಲಿ ಬಂದ ತಿಳಿ ಬಣ್ಣದ ಮೆತ್ತನೆ ಪಟ್ಟೆ, ಕೊನೆಯಲ್ಲಿ ಬಂದ ಗಾಢ ಬಣ್ಣದ ಗಟ್ಟಿ ಪಟ್ಟೆ. ಒತ್ತುಮರದಲ್ಲಿ ಗಾಢ ಪಟ್ಟೆ ದಪ್ಪವಾಗಿ ಹರಡಿ ಉಂಗುರದ ಬಹುಪಾಲನ್ನು ತಿಂದಿರುತ್ತದೆ. ತಿಳಿ ಪಟ್ಟೆಯಿಂದ ಗಾಢ ಪಟ್ಟೆಗೆ ಹೋಗುವ ಗೆರೆಯೂ ಸ್ಪಷ್ಟವಿರುವುದಿಲ್ಲ, ಬಣ್ಣ ನಿಧಾನಕ್ಕೆ ಇಳಿಯುತ್ತದೆ. ಒಟ್ಟಾರೆ ಬಣ್ಣ ಕೆಂಪು ಮಿಶ್ರಿತ ಕಂದು. ಹೊಳಪು ಇಲ್ಲದ, ಜೀವ ಇಲ್ಲದ ಬಣ್ಣ. ಜರ್ಮನ್ ಭಾಷೆಯಲ್ಲಿ ಇದನ್ನು ‘ಕೆಂಪು ಮರ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ.

ಇಡೀ ದಿಮ್ಮಿಯ ತುದಿ ನೋಡಲು ಸಿಕ್ಕರೆ ಕೆಲಸ ಇನ್ನೂ ಸುಲಭ. ತಿರುಳು, ಅಂದರೆ ಉಂಗುರಗಳೆಲ್ಲ ಶುರುವಾಗುವ ನಡುವಿನ ಚುಕ್ಕೆ, ಮಧ್ಯದಲ್ಲಿ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಒಂದು ಬದಿಯ ಉಂಗುರಗಳು ಅಗಲ, ಇನ್ನೊಂದು ಬದಿಯವು ಇಕ್ಕಟ್ಟು. ಅಗಲವಾದ ಬದಿಯಲ್ಲಿ ಕುಡುಗೋಲಿನ ಆಕಾರದ ಗಾಢ ಪಟ್ಟೆಗಳು ಕಂಡವೋ, ಅದೇ ಒತ್ತುಮರ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಪೈನ್‌ನ ಚೇಗು, ಅಂದರೆ ಒಳಗಿನ ಬಲಿತ ಭಾಗ, ಕೂಡ ಕೆಂಪಾಗಿರುತ್ತದೆ. ಆದರೆ ಅದು ತಿರುಳಿನ ಸುತ್ತ ಎಲ್ಲ ಕಡೆಗೂ ಹರಡಿರುತ್ತದೆ. ಒತ್ತುಮರ ಒಂದು ಬದಿಗೆ ಮಾತ್ರ ಇರುತ್ತದೆ. ಅಂಟು ತುಂಬಿಕೊಂಡ ಜಾಗವೂ ಗಾಢವಾಗಿ ಕಾಣುತ್ತದೆ. ಅದನ್ನು ಮುಟ್ಟಿದರೆ ಜಿಗುಟು, ಮೂಸಿದರೆ ಟರ್ಪೆಂಟೈನ್ ವಾಸನೆ, ಉಂಗುರದ ಗೆರೆಯ ಹಂಗಿಲ್ಲದೆ ಹರಡಿರುತ್ತದೆ.

ಹಂತ 3: ತಿರುಳು ಹಲಗೆಯೊಳಗೇ ಇದೆಯೇ ನೋಡಿ

ಒತ್ತುಮರ ಇಲ್ಲದಿದ್ದರೂ ಹಲಗೆ ಉದ್ದಕ್ಕೆ ಬಾಗಬಹುದು. ಕಾರಣ ಎಳಸು ಮರ. ಪೈನ್‌ನ ತಿರುಳಿನ ಸುತ್ತ ಮೊದಲ ಹತ್ತು ಹದಿನೈದು ಉಂಗುರಗಳು ಮರ ಚಿಕ್ಕದಿದ್ದಾಗ ಬೆಳೆದವು. ಆ ಭಾಗದಲ್ಲೂ ಗೋಡೆಯ ನೂಲುಗಳು ಓರೆಯಾಗಿಯೇ ಇರುತ್ತವೆ. ಹಾಗಾಗಿ ಅದೂ ಉದ್ದಕ್ಕೆ ಜಾಸ್ತಿ ಕುಗ್ಗುತ್ತದೆ. ನೆಡುತೋಪಿನಲ್ಲಿ ಬೇಗ ಬೇಗ ಬೆಳೆಸಿ, 25–30 ವರ್ಷಕ್ಕೆ ಕಡಿದ ರೇಡಿಯಾಟ ಪೈನ್‌ನಂಥ ಮರದಲ್ಲಿ ಈ ಎಳಸು ಭಾಗದ ಪಾಲು ದೊಡ್ಡದು.

ಎರಡರ ವ್ಯತ್ಯಾಸ ಹೀಗೆ: ಎಳಸು ಮರ ತಿಳಿ ಬಣ್ಣ, ಹಗುರ, ಉಂಗುರ ಅಗಲ, ತಿರುಳಿಗೆ ಅಂಟಿಕೊಂಡೇ ಇರುತ್ತದೆ. ಒತ್ತುಮರ ಗಾಢ, ಭಾರ, ಎಲ್ಲಿ ಬೇಕಾದರೂ ಇರಬಹುದು. ಮರ ಎಳೆಯದಿದ್ದಾಗ ವಾಲಿದ್ದರೆ ಎರಡೂ ಒಂದೇ ಕಡೆ ಸಿಗುತ್ತವೆ. ತುದಿಯಲ್ಲಿ ತಿರುಳಿನ ಚುಕ್ಕೆ ಕಾಣುವ ಹಲಗೆಯನ್ನು ಉದ್ದದ ಕೆಲಸಕ್ಕೆ ನಾನಂತೂ ತೆಗೆದುಕೊಳ್ಳುವುದಿಲ್ಲ.

ಹಂತ 4: ಮುಖ ಮತ್ತು ಗಂಟುಗಳ ಸುತ್ತ ಕಣ್ಣಾಡಿಸಿ

ಕೊಂಬೆಗಳು ಸದಾ ಓರೆ, ಅಲ್ವಾ? ಹಾಗಾಗಿ ಕೊಂಬೆಯ ಕೆಳಬದಿಯಲ್ಲಿ ಒತ್ತುಮರ ಇದ್ದೇ ಇರುತ್ತದೆ. ಅದರ ಬುಡ ಕಾಂಡದೊಳಗೆ ಸೇರುವ ಜಾಗದಲ್ಲೂ ಸ್ವಲ್ಪ ಹರಡಿಕೊಂಡಿರುತ್ತದೆ. ದೊಡ್ಡ ಗಂಟಿನ ಹತ್ತಿರ ಹಲಗೆ ಸ್ವಲ್ಪ ಗೂನಾಗುವುದಕ್ಕೆ ಇದೂ ಒಂದು ಕಾರಣ. ಅದು ಸಣ್ಣ ಜಾಗದ ವಿಷಯ, ಗಂಟು ಕತ್ತರಿಸಿ ಬಿಟ್ಟರೆ ಮುಗಿಯಿತು. ಮುಖದ ಮೇಲೆ ಉದ್ದಕ್ಕೂ ಓಡುವ ಮಂಕು ಕೆಂಪು ಪಟ್ಟೆಯ ಕಥೆ ಬೇರೆ. ಪಟ್ಟೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ.

ಒಣಗಿದ ಹಲಗೆಯ ಆ ಪಟ್ಟೆಯಲ್ಲಿ ಎಳೆಗೆ ಅಡ್ಡಲಾಗಿ ಸಣ್ಣ ಸಣ್ಣ ಬಿರುಕುಗಳಿದ್ದರೆ ಬೇರೆ ಸಾಕ್ಷಿಯೇ ಬೇಡ. ಮಾಮೂಲಿ ಮರ ಒಣಗುವಾಗ ಎಳೆಯ ಗುಂಟ ಸೀಳುತ್ತದೆ, ಅಡ್ಡಕ್ಕೆ ಒಡೆಯುವುದಿಲ್ಲ. ಒತ್ತುಮರ ಗಿಡ್ಡವಾಗಲು ಎಳೆಯುತ್ತದೆ, ಪಕ್ಕದ ಗಟ್ಟಿ ಮರ ಬಿಡುವುದಿಲ್ಲ. ಕೊನೆಗೆ ಒತ್ತುಮರವೇ ಅಡ್ಡಲಾಗಿ ಹರಿಯುತ್ತದೆ.

ಹಂತ 5: ಬೆಳಕಿನ ಪರೀಕ್ಷೆ

ಅನುಮಾನ ಉಳಿದರೆ ಹಲಗೆಯ ತುದಿಯಿಂದ ಅಡ್ಡಲಾಗಿ 3 ಮಿಲಿಮೀಟರ್ ದಪ್ಪದ ಬಿಲ್ಲೆ ಕೊಯ್ಯಿರಿ. ನೀರಿನಲ್ಲಿ ಅದ್ದಿ, ಕತ್ತಲೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಮಾಮೂಲಿ ಮರ ಬೆಳಕನ್ನು ಹಾಯಿಸುತ್ತದೆ, ಹಳದಿಯಾಗಿ ಮಿನುಗುತ್ತದೆ. ಒತ್ತುಮರದ ಭಾಗ ಕಪ್ಪಗೆ ಉಳಿಯುತ್ತದೆ. ಬಿಲ್ಲೆ ಇದಕ್ಕಿಂತ ತುಂಬಾ ದಪ್ಪವಾದರೆ ಎಲ್ಲವೂ ಕಪ್ಪಾಗಿಯೇ ಕಂಡು ಮೋಸವಾಗುತ್ತದೆ.

ಹಂತ 6: ಪಟ್ಟಿ ಪರೀಕ್ಷೆ

ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಕಣ್ಣಿಗೆ ಕಂಡದ್ದನ್ನು ಕೈಯಲ್ಲಿ ಅಳೆದು ನೋಡಬಹುದು.

ಅನುಮಾನದ ಹಲಗೆಯಿಂದ ಎಳೆಯ ಗುಂಟ ಮೂರು ಪಟ್ಟಿ ತೆಗೆಯಿರಿ. ಉದ್ದ 300 ಮಿಲಿಮೀಟರ್, ಅಗಲ 10, ದಪ್ಪ 4 ಅಥವಾ 5. ಮೊದಲನೆಯದು ಪೂರ್ತಿ ಮಾಮೂಲಿ ಮರ. ಎರಡನೆಯದು ಪೂರ್ತಿ ಗಾಢ ಭಾಗ. ಮೂರನೆಯದು ಅರ್ಧ ಅಗಲ ಗಾಢ, ಅರ್ಧ ಅಗಲ ತಿಳಿ. ಮೂರಕ್ಕೂ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ. ಮೊದಲ ಎರಡರ ಮೇಲೆ ಎರಡು ತುದಿಗಳ ಹತ್ತಿರ ಚಾಕುವಿನಿಂದ ಕೂದಲೆಳೆಯಷ್ಟು ಸಣ್ಣ ಗೀರು ಹಾಕಿ. ತುದಿಯಿಂದ ತುದಿಗೆ ಅಳೆಯಬೇಡಿ, ತುದಿ ಸವೆದು ಅಳತೆ ತಪ್ಪುತ್ತದೆ. ಗೀರಿನಿಂದ ಗೀರಿಗೆ ಅಳೆಯಿರಿ.

ಈಗ ಮೂರನ್ನೂ ನೀರಿನಲ್ಲಿ ಮುಳುಗಿಸಿಡಿ. ಮೇಲೆ ತೇಲದಂತೆ ಭಾರ ಇಡಿ. ಎರಡು ಮೂರು ದಿನ ಬೇಕು. ದಿನಕ್ಕೊಮ್ಮೆ ಹೊರಗಿನ ನೀರು ಒರೆಸಿ ಉದ್ದ ಅಳೆಯಿರಿ. ಇನ್ನು ಬೆಳೆಯುತ್ತಿಲ್ಲ ಎಂದರೆ ಸಾಕಷ್ಟು ನೆನೆದಿದೆ. ಆ ಅಳತೆ ಬರೆದುಕೊಂಡು, ನೆರಳಿನಲ್ಲಿ ಗಾಳಿಯಾಡುವ ಕಡೆ ಒಣಗಿಸಿ. ಕೆಳಗೆ ಎರಡು ಕಡ್ಡಿ ಕೊಡಿ, ಎಲ್ಲ ಬದಿಗೂ ಗಾಳಿ ಸಿಗಲಿ. ದಿನಾ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಮತ್ತೆ ಅಳೆಯಿರಿ.

ಮಾಮೂಲಿ ಪಟ್ಟಿ ಕುಗ್ಗಿದ್ದು ಉಕ್ಕಿನ ಸ್ಕೇಲಿನಲ್ಲಿ ಕಾಣುವುದೇ ಕಷ್ಟ, ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಗಾಢ ಪಟ್ಟಿ ಒಂದೂವರೆ, ಎರಡು, ಜೋರಾದ ಒತ್ತುಮರವಾದರೆ ಮೂರು ಮಿಲಿಮೀಟರ್‌ನಷ್ಟು ಕುಗ್ಗಿರುತ್ತದೆ. ಮೂರನೆಯ ಪಟ್ಟಿಯನ್ನು ಅಳೆಯುವುದೇ ಬೇಡ, ನೋಡಿದರೆ ಸಾಕು. ಅದನ್ನು ಮೇಜಿನ ಮೇಲೆ ಮಲಗಿಸಿ ಪಕ್ಕದಲ್ಲಿ ಸ್ಕೇಲ್ ಇಡಿ. ಗಾಢ ಬದಿ ಒಳಕ್ಕೆ ಎಳೆದು ಪಟ್ಟಿ ಕುಡುಗೋಲಿನಂತಾಗಿರುತ್ತದೆ, ನಡುವಿನ ಸಂದು ಒಂದು ಸೆಂಟಿಮೀಟರ್‌ವರೆಗೂ ಹೋಗಬಹುದು. ಮತ್ತೆ ನೀರಿಗೆ ಹಾಕಿ, ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಒಣಗಿಸಿ, ಮತ್ತೆ ಬಾಗುತ್ತದೆ. ದೊಡ್ಡ ಹಲಗೆಯಲ್ಲೂ ನಡೆಯುವುದು ಇದೇ.

ಹೊರಗೆ ಮಳೆಗಾಳಿ ಇರುವಾಗ ಈ ಪರೀಕ್ಷೆಗೆ ಕೂರಬೇಡಿ. ಗಾಳಿಯಲ್ಲೇ ತೇವ ಜಾಸ್ತಿ ಇದ್ದರೆ ಪಟ್ಟಿ ಸಾಕಷ್ಟು ಒಣಗುವುದಿಲ್ಲ. ಫಲಿತಾಂಶ ಸಪ್ಪೆಯಾಗಿ ಕಂಡು, ಮರ ಒಳ್ಳೆಯದೇ ಅಂದುಕೊಂಡುಬಿಡುತ್ತೀರಿ.

ಹಂತ 7: ಎಷ್ಟು ಬಾಗಬಹುದು, ಲೆಕ್ಕ ಹಾಕಿ

ಮರ ಕುಗ್ಗಲು ಶುರುವಾಗುವುದು ತೇವ ಶೇ 30ರ ಹತ್ತಿರಕ್ಕೆ ಇಳಿದ ಮೇಲೆ. ಅದಕ್ಕಿಂತ ಮೇಲೆ ಕೊಳವೆಯೊಳಗಿನ ಖಾಲಿ ಜಾಗದ ನೀರು ಮಾತ್ರ ಹೋಗುತ್ತಿರುತ್ತದೆ, ಗೋಡೆ ಇನ್ನೂ ನೆನೆದೇ ಇರುತ್ತದೆ. ಇಲ್ಲಿ ತೇವದ ಶೇಕಡಾವಾರು ಎಂದರೆ ಒಣ ಮರದ ತೂಕಕ್ಕೆ ಹೋಲಿಸಿ ನೀರಿನ ತೂಕ ಎಷ್ಟು ಎಂಬುದು. ಹಸಿ ಮರದಲ್ಲಿ ಇದು ಶೇ 100 ದಾಟುವುದೂ ಉಂಟು, ಗಾಬರಿಯಾಗಬೇಡಿ. ತೇವ ಶೇ 30ರಿಂದ 12ಕ್ಕೆ ಇಳಿದರೆ ಒಟ್ಟು ಕುಗ್ಗುವಿಕೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಶೇ 60ರಷ್ಟು, ಆಗಿರುತ್ತದೆ.

ಈಗ 2.4 ಮೀಟರ್ ಉದ್ದ, 100 ಮಿಲಿಮೀಟರ್ ಅಗಲದ ಹಲಗೆ ತೆಗೆದುಕೊಳ್ಳಿ. ಒಂದು ಅಂಚು ಇನ್ನೊಂದಕ್ಕಿಂತ ಶೇ 0.3ರಷ್ಟು ಜಾಸ್ತಿ ಕುಗ್ಗಿತು ಅನ್ನೋಣ. ಉದ್ದದ ವ್ಯತ್ಯಾಸ 7 ಮಿಲಿಮೀಟರ್ ಮಾತ್ರ. ಆದರೆ ಅಂಚಿನ ಡೊಂಕು ನಡುವಿನಲ್ಲಿ 21–22 ಮಿಲಿಮೀಟರ್! ಲೆಕ್ಕ ಹೀಗೆ: ಕುಗ್ಗುವಿಕೆಯ ವ್ಯತ್ಯಾಸವನ್ನು ಉದ್ದದ ವರ್ಗದಿಂದ ಗುಣಿಸಿ, ಅಗಲದ ಎಂಟು ಪಟ್ಟಿನಿಂದ ಭಾಗಿಸಿ. ಅಂದರೆ 0.003 ಗುಣಿಸು 2400 ಗುಣಿಸು 2400, ಭಾಗಿಸು 800.

ಇಲ್ಲಿ ಉದ್ದ ಎರಡು ಸಲ ಬರುತ್ತದೆ ನೋಡಿ. ಅದರಲ್ಲೇ ಉಪಾಯ ಇದೆ. ಅದೇ ಹಲಗೆಯನ್ನು ಎರಡು ತುಂಡು ಮಾಡಿದರೆ ಪ್ರತಿ ತುಂಡಿನ ಡೊಂಕು ಅರ್ಧವಲ್ಲ, ಕಾಲು ಭಾಗ. 22ರ ಬದಲು ಐದೂವರೆ. ನಾಲ್ಕು ತುಂಡು ಮಾಡಿದರೆ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ.

ಹಂತ 8: ಎಲ್ಲಿ ಬಳಸಬಹುದು ಅಂತ ತೀರ್ಮಾನಿಸಿ

ಬಾಗಿಲಿನ ನಿಲುವು, ಉದ್ದನೆಯ ಕಪಾಟಿನ ಪಕ್ಕದ ಹಲಗೆ, ಹಾಸುವ ಹಲಗೆ, ಇವಕ್ಕೆ ಒತ್ತುಮರ ಬೇಡ. ಸಣ್ಣ ಪೆಟ್ಟಿಗೆ, ಡ್ರಾಯರ್‌ನ ಬದಿ, ಮೊಳದುದ್ದದ ಅಡ್ಡಪಟ್ಟಿ, ಇಂಥವಕ್ಕೆ ಕತ್ತರಿಸಿ ಬಳಸಬಹುದು.

ಗಾಢ ಭಾಗವನ್ನು ಉದ್ದಕ್ಕೆ ಸೀಳಿ ತೆಗೆಯುವುದಾದರೆ ಒಂದು ಎಚ್ಚರ. ಹಸಿ ಮರದಲ್ಲಿ ಒತ್ತುಮರ ಅದುಮಿಟ್ಟ ಸ್ಪ್ರಿಂಗ್‌ನಂತೆ ಇರುತ್ತದೆ. ಸೀಳಿದ ಕೂಡಲೇ ಅದು ಉದ್ದವಾಗಲು ನೋಡುತ್ತದೆ. ಹಲಗೆ ಒಂದು ಕಡೆಗೆ ಬಾಗುತ್ತದೆ, ಕೊಯ್ಯುವಾಗಲೇ ಸಂದು ಮುಚ್ಚಿ ಗರಗಸ ಸಿಕ್ಕಿಹಾಕಿಕೊಳ್ಳಲೂಬಹುದು. ಆಮೇಲೆ ಒಣಗಿದಾಗ ಅದೇ ಭಾಗ ಕುಗ್ಗಿ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಹಾಗಾಗಿ ಹಸಿಯಲ್ಲಿ ಕಂಡ ಬಾಗನ್ನು ಆಗಲೇ ಕೀಸಿ ನೆಟ್ಟಗೆ ಮಾಡಬೇಡಿ. ಬೇಕಾದ ಅಳತೆಗಿಂತ ದಪ್ಪಗೆ ಸೀಳಿ, ಒಣಗಿಸಿ, ಬಳಸುವ ಕೋಣೆಯಲ್ಲಿ ಕೆಲವು ವಾರ ಇಟ್ಟು, ಆಮೇಲೆ ಕೀಸಿ.

ಒತ್ತುಮರದ ಪಟ್ಟಿಯನ್ನು ಮಾಮೂಲಿ ಪಟ್ಟಿಯ ಪಕ್ಕ ಅಂಟಿಸಿ ಅಗಲ ಹಲಗೆ ಮಾಡುವುದೂ ಬೇಡ. ಅಂಟು ಗಟ್ಟಿಯಾಗಿದ್ದಷ್ಟೂ ಎಳೆದಾಟ ಜಾಸ್ತಿ. ಒಂದೋ ಇಡೀ ಹಲಗೆ ಬಾಗುತ್ತದೆ, ಇಲ್ಲವೇ ಗಾಢ ಪಟ್ಟಿ ಅಡ್ಡಕ್ಕೆ ಒಡೆಯುತ್ತದೆ.

ಹಂತ 9: ಅಟ್ಟಿ ಹಾಕುವಾಗ

ಹಲಗೆಗಳ ನಡುವೆ ಅರ್ಧ ಮೀಟರ್‌ಗೊಂದು ಒಂದೇ ದಪ್ಪದ ಕಡ್ಡಿ ಇಡಿ. ಕಡ್ಡಿಗಳು ಮೇಲಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿರಲಿ. ಅನುಮಾನದ ಹಲಗೆಗಳನ್ನು ಕೆಳಗೆ ಹಾಕಿ, ಮೇಲೆ ಭಾರ ಹೇರಿ. ಭಾರದಿಂದ ಮುಖದ ಬಾಗು ಸ್ವಲ್ಪ ತಗ್ಗುತ್ತದೆ. ಅಂಚಿನ ಡೊಂಕಿಗೆ ಮೇಲಿನ ಭಾರ ಹೆಚ್ಚೇನೂ ಮಾಡುವುದಿಲ್ಲ, ಏಕೆಂದರೆ ಅದು ಪಕ್ಕಕ್ಕೆ ಸರಿಯುವ ಚಲನೆ. ಅದುಮಿ ನೆಟ್ಟಗೆ ಒಣಗಿಸಿದ ಹಲಗೆಯೂ ಮುಂದೆ ಗಾಳಿಯ ತೇವ ಏರಿ ಇಳಿದಾಗ ಮತ್ತೆ ಅಲುಗುತ್ತದೆ. ಪಾಲಿಶ್, ವಾರ್ನಿಷ್ ಹಾಕಿದರೆ ತೇವ ಒಳಹೊರಗೆ ಹೋಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಕೊನೆಯದಾಗಿ, ಭಾರ ಹೊರುವ ಜಾಗ

ಒತ್ತುಮರ ಕೈಗೆ ಭಾರ, ಉಳಿಗೆ ಗಟ್ಟಿ. ಅದಕ್ಕೇ ಕೆಲವರು ಇದೇ ಒಳ್ಳೆಯ ಮರ ಅಂದುಕೊಂಡು ಬೇಕಂತಲೇ ಆರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೂಕಕ್ಕೆ ತಕ್ಕ ಬಲ ಇದಕ್ಕಿಲ್ಲ. ಮಾಮೂಲಿ ಪೈನ್ ಮುರಿಯುವ ಮುಂಚೆ ಚಟಪಟ ಸದ್ದು ಮಾಡುತ್ತದೆ, ಸಿಬಿರು ಏಳುತ್ತದೆ, ಎಚ್ಚರಿಸುತ್ತದೆ. ಒತ್ತುಮರ ಹೇಳದೆ ಕೇಳದೆ ತುಂಡಾಗಬಹುದು. ಪಟ್ಟಿ ಪರೀಕ್ಷೆಯಲ್ಲಿ ಉಳಿದ ಎರಡು ಪಟ್ಟಿಗಳನ್ನು ಕೈಯಿಂದಲೇ ಮುರಿದು ನೋಡಿ. ತಿಳಿ ಪಟ್ಟಿಯ ತುದಿಯಲ್ಲಿ ಉದ್ದುದ್ದ ಸಿಬಿರುಗಳು ನೇತಾಡುತ್ತವೆ. ಗಾಢ ಪಟ್ಟಿ ಬಳಪದಂತೆ ಲಟಕ್ಕನೆ, ಮೊಂಡಾಗಿ ಮುರಿಯುತ್ತದೆ. ಏಣಿಯ ಮೆಟ್ಟಿಲು, ತೊಲೆ, ಜನ ನಿಲ್ಲುವ ಅಟ್ಟಣಿಗೆ, ಇವುಗಳಿಗೆ ಹಲಗೆ ಆರಿಸುವಾಗ ತುದಿಯನ್ನು ಹೆರೆದು ನೋಡದೆ ಒಂದನ್ನೂ ಒಳಗೆ ಬಿಡಬೇಡಿ.